ಕುಂಬಳೆಯ ಸೋಡಾ ಅಂಗಡಿಯ ಅಣ್ಣನಿಗೆ

ಮೊನ್ನೆ ಮಧ್ಯಾಹ್ನ ಕುಂಬಳೆಯಲ್ಲಿ ನನ್ನ ಬಸ್ಸು ತಪ್ಪಿತು. ಚೀಲದಲ್ಲಿ ಹಣ್ಣುನೊಣಗಳ 12 ಗಾಜಿನ ಸೀಸೆ. ನಸೂಟಾ ಜಾತಿಯ ನೊಣಕ್ಕೆ 8 ಕ್ರೋಮೋಸೋಮ್ (ವಂಶಗುಣ ಹೊತ್ತ ಎಳೆಗಳು), ಇನ್ನೊಂದು ಜಾತಿ ಅಲ್ಬೋಮಿಕಾನ್ಸ್‌ಗೆ 6. ಆದರೂ ಎರಡೂ ಕೂಡಿದರೆ ಮರಿ ಆಗುತ್ತದೆ, ಆ ಮರಿಗೂ ಮರಿ ಆಗುತ್ತದೆ! ಹಾಗೆ ತಲೆಮಾರುಗಟ್ಟಲೆ ಸಾಕಿದ ಮಿಶ್ರತಳಿ ಅವು. ಸೆಕೆ ಜಾಸ್ತಿಯಾದರೆ ಕಥೆ ಮುಗೀತು.

"ಎಂತ ಮಾರಾಯ್ರೇ, ನೊಣಕ್ಕೂ ಟಿಕೆಟ್ಟಾ?" ಅಂದಿರಿ. ನಗುತ್ತಲೇ ಹೆಗಲ ಬೈರಾಸನ್ನು ನೀರಿಗದ್ದಿ ಹಿಂಡಿದಿರಿ. ಸೀಸೆಗಳಿಗೆ ಸುತ್ತಿ ಮಣ್ಣಿನ ಹೂಜಿಯ ಪಕ್ಕ ಇಟ್ಟಿರಿ. ಹತ್ತಿಯ ಬಿರಡೆ ಒದ್ದೆಯಾಗದ ಹಾಗೆ ಬಾಯಿ ಮಾತ್ರ ಹೊರಗೆ. ಅದನ್ನು ನಾನು ಹೇಳಿಯೇ ಇರಲಿಲ್ಲ. ಆಗಲೇ ನನಗೆ ಉಸಿರು ಬಂದದ್ದು.

ದುಡ್ಡು ಕೊಟ್ಟರೆ ಸೋಡಾದ್ದು ಮಾತ್ರ ತಗೊಂಡಿರಿ.

12 ಸೀಸೆಯೂ ಚೆನ್ನಾಗಿವೆ ಅಣ್ಣಾ. ನಿಮ್ಮ ಬೈರಾಸು ನನ್ನಲ್ಲೇ ಉಳಿದಿದೆ. ಒಗೆದಿಟ್ಟಿದ್ದೇನೆ.