ಕಿಟ್ ಬೀರುವಿನಲ್ಲಿದೆ, ಮಕ್ಕಳು ಹೊರಗಿದ್ದಾರೆ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಒಬ್ಬ ತಂದೆ ಬರೆದ ಪತ್ರ ಓದಿದೆ. ಮಕ್ಕಳು ಶಾಲೆಯಲ್ಲಿ ಕತ್ತರಿ, ಅಂಟು, ವೈರು ಹಿಡಿದು ಕಳೆಯುವ ಹೊತ್ತನ್ನು ಗಣಿತಕ್ಕೆ ಕೊಡಿ ಎಂದು ಅವರು ಕೇಳಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ನನ್ನ ಮಗು ಹಿಂದೆ ಬೀಳಬಾರದು ಎಂದು ಯಾರಿಗೆ ಅನಿಸುವುದಿಲ್ಲ? ಆದರೂ ನನ್ನ ಅನುಭವ ಬೇರೆ ಇದೆ. ಅದನ್ನು ಹೇಳಿಕೊಳ್ಳಲು ಈ ಪತ್ರ.

ನಾನು 22 ವರ್ಷಗಳಿಂದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಮೂರು ವರ್ಷಗಳಿಂದ ವಾರಕ್ಕೊಂದು ದಿನ ನನ್ನ ಪೀರಿಯಡ್ಡನ್ನೂ ವಿಜ್ಞಾನದ ಮೇಷ್ಟ್ರ ಪೀರಿಯಡ್ಡನ್ನೂ ಸೇರಿಸಿ, ಇಬ್ಬರೂ ಒಟ್ಟಿಗೆ ಪಾಠ ಮಾಡುತ್ತಿದ್ದೇವೆ. ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆರನೇ ತರಗತಿಗೆ ಬೆಳಕಿನ ಚಿತ್ರ ಮಾಡಲು ಹೇಳಿದ್ದೆವು. ಒಂದು ದಪ್ಪ ಕಾಗದ, ಅಂಟುವ ತಾಮ್ರದ ಪಟ್ಟಿ, ಎರಡು ಪುಟ್ಟ ಎಲ್‌ಇಡಿ ದೀಪ, 3 ವೋಲ್ಟಿನ ಒಂದು ಬಿಲ್ಲೆ ಸೆಲ್. ಪ್ರತಿ ಮಗುವಿಗೂ ಅದರದೇ ಸಾಮಾನು. ಚಿತ್ರ ಬರೆಯಬೇಕು, ಹಿಂದೆ ತಾಮ್ರದ ದಾರಿ ಅಂಟಿಸಬೇಕು, ದೀಪ ಹೊತ್ತಬೇಕು. ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಪ್ಲಸ್ ಕಡೆಗೆ ಹೋಗಬೇಕು. ಅದನ್ನು ಮಾತ್ರ ನಾವು ಮೊದಲೇ ಹೇಳಲಿಲ್ಲ. ಅರ್ಧ ಮಕ್ಕಳ ದೀಪ ಹೊತ್ತಲಿಲ್ಲ. ಹತ್ತು ನಿಮಿಷದಲ್ಲಿ ಅವರೇ ಕಾಲು ತಿರುಗಿಸಿ ನೋಡಿ ಕಂಡುಕೊಂಡರು, ಪಕ್ಕದವರಿಗೂ ಹೇಳಿಕೊಟ್ಟರು.

ಒಬ್ಬ ಹುಡುಗಿ ರಾತ್ರಿ ಹೊತ್ತಿನ ಮನೆ ಬರೆದಿದ್ದಳು. ಆಕಾಶದಲ್ಲಿ ಚಂದ್ರ, ಅವನಿಗೆ ನೀಲಿ ದೀಪ. ಮನೆಯ ಕಿಟಕಿಗೆ ಕೆಂಪು ದೀಪ. ಚಂದ್ರ ಚೆನ್ನಾಗಿ ಬೆಳಗುತ್ತಿದ್ದ. ಅದೇ ಸೆಲ್ಲಿಗೆ ಕಿಟಕಿಯ ದೀಪ ಸೇರಿಸಿದಳು, ಚಂದ್ರ ಆರಿಹೋದ. ಕೆಂಪು ತೆಗೆದಳು, ಚಂದ್ರ ಮತ್ತೆ ಬಂದ. ನನ್ನ ಹತ್ತಿರ ಓಡಿಬಂದು, ‘ಮಿಸ್, ಕಿಟಕಿಗೆ ದೀಪ ಹಚ್ಚಿದ್ರೆ ಚಂದ್ರ ಮುಳುಗ್ತಾನೆ’ ಎಂದಳು. ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಸೆಲ್ ಹಳೆಯದಿರಬೇಕು ಅಂತ ಹೊಸದು ಕೊಟ್ಟೆ. ಮತ್ತೆ ಅದೇ ಕತೆ.

ಆಮೇಲೆ ಅವಳು ಮಾಡಿದ್ದನ್ನು ಗಮನಿಸಿ. ಗೆಳತಿಯ ಹತ್ತಿರ ಇನ್ನೊಂದು ಕೆಂಪು, ಇನ್ನೊಂದು ನೀಲಿ ದೀಪ ಕೇಳಿ ತಂದಳು. ಎರಡೂ ಕೆಂಪು ಹಾಕಿದಳು, ಎರಡೂ ಹೊತ್ತಿದವು. ಎರಡೂ ನೀಲಿ ಹಾಕಿದಳು, ಅವೂ ಹೊತ್ತಿದವು. ಹಾಗಾದರೆ ಸೆಲ್ಲಿನದೂ ತಪ್ಪಿಲ್ಲ, ಅಂಟಿಸಿದ್ದೂ ತಪ್ಪಿಲ್ಲ, ಬಣ್ಣದಲ್ಲೇ ಏನೋ ಇದೆ ಎಂದಳು. ಹನ್ನೊಂದು ವರ್ಷದ ಮಗು! ಒಂದೊಂದನ್ನೇ ಬದಲಿಸಿ ಪರೀಕ್ಷೆ ಮಾಡಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಂದ್ರ ಬೇಕಿತ್ತು, ಅಷ್ಟೇ.

ಮೇಷ್ಟ್ರು ಅದನ್ನು ನೀರಿನ ತೊಟ್ಟಿಯ ಲೆಕ್ಕದಲ್ಲಿ ವಿವರಿಸಿದರು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ ಸುಮಾರು 3 ವೋಲ್ಟ್ ಬೇಕು. ತೊಟ್ಟಿಯಲ್ಲಿ ಕೆಳಗೊಂದು ತೂತು, ಮೇಲೊಂದು ತೂತು ಇದೆ ಅಂದುಕೊಳ್ಳಿ. ಕೆಳಗಿನದು ತೆರೆದಿದ್ದರೆ ನೀರು ಅಲ್ಲೇ ಹರಿದುಹೋಗುತ್ತದೆ, ಮೇಲಿನ ತೂತಿನವರೆಗೆ ಏರುವುದೇ ಇಲ್ಲ. ಈ ಪುಟ್ಟ ಸೆಲ್ಲಿಗೆ ಜಾಸ್ತಿ ಕರೆಂಟ್ ಕೊಡುವ ಶಕ್ತಿಯೂ ಇಲ್ಲವಲ್ಲ. ಹುಡುಗಿ ಕೇಳಿಸಿಕೊಂಡಳು, ಹೋಗಿ ಕಿಟಕಿಗೆ ಬೇರೆಯೇ ಸೆಲ್ ಅಂಟಿಸಿದಳು. ಮನೆಯೂ ಬೆಳಗಿತು, ಚಂದ್ರನೂ ಬೆಳಗಿದ. ಈಗ ವೋಲ್ಟ್ ಅಂದರೆ ಏನು ಎಂದು ಆ ತರಗತಿಯಲ್ಲಿ ಕೇಳಿದರೆ ಮಕ್ಕಳು ಆ ಚಂದ್ರನ ಕತೆ ಹೇಳುತ್ತಾರೆ.

ಗಣಿತಕ್ಕೆ ಹೊತ್ತು ಸಾಲದು ಎಂದವರಿಗೆ ಇನ್ನೊಂದು ಮಾತು. ಕಂಪ್ಯೂಟರಿಗೆ ಆದೇಶ ಕೊಡುವುದನ್ನು ಮಕ್ಕಳಿಗೆ ಕಲಿಸುವ ಸ್ಕ್ರ್ಯಾಚ್ ಎಂಬ ತಂತ್ರಾಂಶ ಬಳಸಿ ನಮ್ಮ ಮಕ್ಕಳು ಆಕಾರ ಬರೆಯುತ್ತಾರೆ. ಮುಂದೆ ಹೋಗು, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಲ ಎಂದರೆ ಚೌಕ ಬರುತ್ತದೆ. ತ್ರಿಕೋನ ಬರೆಯಲು ಒಬ್ಬ ಹುಡುಗ 60 ಡಿಗ್ರಿ ಕೊಟ್ಟ. ಸಮಬಾಹು ತ್ರಿಕೋನದ ಕೋನ 60 ಎಂದು ಪುಸ್ತಕದಲ್ಲೇ ಇದೆ ಅಲ್ವಾ? ತೆರೆಯ ಮೇಲೆ ಬಂದದ್ದು ಬಾಯಿ ತೆರೆದ ಬೋಗುಣಿಯಂಥ ಆಕಾರ. ಅವನನ್ನು ಎಬ್ಬಿಸಿ, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ತ್ರಿಕೋನ ಬರೆದು ಅದರ ಮೇಲೆ ನಡೆಸಿದೆವು. ಮೂಲೆಗೆ ಬಂದಾಗ ತನ್ನ ಮೈ ಎಷ್ಟು ತಿರುಗಬೇಕಾಯಿತು ಎಂದು ಅವನಿಗೇ ಗೊತ್ತಾಯಿತು. 60 ಅಲ್ಲ, 120. ಒಂದು ಸುತ್ತು ಬಂದರೆ ಒಟ್ಟು 360. ಅಲ್ಲಿಂದ ಮುಂದೆ ಯಾರೂ ತಡೆಯುವಂತಿರಲಿಲ್ಲ. ಐದು ಮೂಲೆಗೆ 72, ಆರಕ್ಕೆ 60. ಒಬ್ಬಳು 144 ಕೊಟ್ಟು ಐದು ಮೊನೆಯ ನಕ್ಷತ್ರ ಬರಿಸಿ, ಅದರ ಗೆರೆಗೆ ತನ್ನಿಷ್ಟದ ಬಣ್ಣ ಕೊಟ್ಟಳು. ಇದು ಗಣಿತವಲ್ಲದೆ ಇನ್ನೇನು?

ನೆಲದ ಮೇಲೆ ನಡೆಸಿದ್ದು ನಮ್ಮ ಉಪಾಯವಲ್ಲ. ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಅವರ ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದರಲ್ಲಿ, ಹೇಳಿದ ಹಾಗೆ ನಡೆದು ಗೆರೆ ಎಳೆಯುವ ‘ಆಮೆ’ ಬಂತು. ಆಮೆ ಎಡವಿದರೆ ನೀವೇ ಆಮೆಯಾಗಿ ನಡೆದು ನೋಡಿ ಎನ್ನುವುದು ಅವರ ದಾರಿ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ ಎಲ್ಲರಿಗೂ ಬಿಟ್ಟ ಸ್ಕ್ರ್ಯಾಚ್ ಕೂಡ ಅದೇ ದಾರಿಯಲ್ಲಿ ಬಂದದ್ದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ನನಗೆ ಬೇಸರ ತರುವುದು ಬೇರೆ ಬಗೆಯ ಕಾರ್ಯಕ್ರಮಗಳು. ಹಿಂದೊಮ್ಮೆ ಹೊರಗಿನವರು ಬಂದು ನಮ್ಮ ಮಕ್ಕಳಿಗೆ ಒಂದು ದಿನದ ರೋಬೋಟ್ ಶಿಬಿರ ಮಾಡಿದರು. ಎಂಟು ಮಕ್ಕಳಿಗೆ ಒಂದು ಕಿಟ್. ಸ್ಕ್ರೂಡ್ರೈವರ್ ಒಬ್ಬನ ಕೈಯಲ್ಲಿ, ಉಳಿದ ಏಳು ಮಕ್ಕಳು ಕುತ್ತಿಗೆ ಚಾಚಿ ನೋಡುತ್ತಿದ್ದರು. ಚಿತ್ರದಲ್ಲಿ ತೋರಿಸಿದ ಹಾಗೆಯೇ ಜೋಡಿಸಬೇಕು, ಎಲ್ಲರದೂ ಒಂದೇ ಥರ. ಒಂದು ಗುಂಪಿನ ಗಾಡಿ ಹಿಂದಕ್ಕೆ ಓಡಿತು. ಮಕ್ಕಳು ಯಾಕೆ ಎಂದು ನೋಡುವ ಮೊದಲೇ ದೊಡ್ಡವರ ಕೈ ಬಂದು ವೈರು ಬದಲಿಸಿಬಿಟ್ಟಿತು. ಆ ದಿನದ ಅತ್ಯಂತ ಒಳ್ಳೆಯ ಪಾಠ ಅಲ್ಲೇ ಹೋಯಿತು. ಸಂಜೆ ಫೋಟೊ ತೆಗೆದು, ಎಲ್ಲ ಬಿಚ್ಚಿ, ಡಬ್ಬಿಗೆ ತುಂಬಿಕೊಂಡು ಹೋದರು. ಶಾಲೆಗೆ ಬಂದ ಬೇರೆ ಕಿಟ್ಟುಗಳ ಪಾಡೂ ಅಷ್ಟೇ. ಹಾಳಾಗುತ್ತವೆ ಎಂದು ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಒಂದು ವರ್ಷ ಅವು ಹಾಗೇ ಇದ್ದವು.

ದುಬಾರಿ ಕಿಟ್ ಎಂಟು ಜನಕ್ಕೆ ಒಂದು ಇರುವುದಕ್ಕಿಂತ ಒಂದು ಕಾಗದ, ಒಂದು ದೀಪ, ಒಂದು ಸೆಲ್ ಒಬ್ಬೊಬ್ಬರಿಗೂ ಸಿಗುವುದು ಮೇಲು. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ. ಕಂಪ್ಯೂಟರ್ ಸಾಲದ ಕಡೆ ನೋಟ್‌ಬುಕ್ಕಿನ ಮೂಲೆಯೂ ಸಾಕು. ಪುಟಪುಟಕ್ಕೂ ಸ್ವಲ್ಪ ಬದಲಿಸಿ ಒಂದು ಚೆಂಡು ಬರೆದು, ಬೆರಳಲ್ಲಿ ಸರ್ರನೆ ಪುಟ ಬಿಟ್ಟರೆ ಚೆಂಡು ಪುಟಿಯುತ್ತದೆ. ಇಂಥ ಪುಸ್ತಕಕ್ಕೆ 1868ರಲ್ಲೇ ಪೇಟೆಂಟ್ ಪಡೆದವರಿದ್ದಾರೆ. ಚೆಂಡು ನೆಲಕ್ಕೆ ಬಡಿಯುವಾಗ ಸ್ವಲ್ಪ ಚಪ್ಪಟೆಯಾಗಿ ಬರೆದರೆ ಅದಕ್ಕೆ ಜೀವ ಬರುತ್ತದೆ. ಮೇಲಕ್ಕೆ ಹೋದಂತೆ ಚಿತ್ರಗಳ ಅಂತರ ಕಡಿಮೆ ಮಾಡಬೇಕು, ಯಾಕೆಂದರೆ ಚೆಂಡು ಅಲ್ಲಿ ನಿಧಾನವಾಗುತ್ತದೆ. ಇದು ಡ್ರಾಯಿಂಗೋ ವಿಜ್ಞಾನವೋ? ಮಕ್ಕಳು ಆ ಪ್ರಶ್ನೆ ಕೇಳುವುದೇ ಇಲ್ಲ. ಟೈಮ್‌ಟೇಬಲ್ ಮಾಡುವ ನಾವು ಮಾತ್ರ ಎರಡನ್ನೂ ಬೇರೆ ಬೇರೆ ಮನೆಯಲ್ಲಿ ಕೂರಿಸಿದ್ದೇವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಬಿಲ್ಲೆ ಸೆಲ್ಲನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ನಾವು ಸೆಲ್ಲುಗಳನ್ನು ಎಣಿಸಿ ಕೊಡುತ್ತೇವೆ, ಎಣಿಸಿ ವಾಪಸ್ ಪಡೆಯುತ್ತೇವೆ. ಪುಟ್ಟ ತಮ್ಮ, ತಂಗಿ ಇರುವ ಮನೆಗೆ ಚಿತ್ರ ಹೋಗುತ್ತದೆ, ಸೆಲ್ ಹೋಗುವುದಿಲ್ಲ.

ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೆ ಒಮ್ಮೆ ಎರಡು ಪೀರಿಯಡ್ ಒಟ್ಟಿಗೆ ಕೊಡಿ. 40 ನಿಮಿಷದಲ್ಲಿ ಸಾಮಾನು ಹಂಚಿ ಎತ್ತಿಡುವುದಷ್ಟೇ ಆಗುತ್ತದೆ. ಕೆಟ್ಟುಹೋಗುವ ವಸ್ತುಗಳಿಗೆ ಲೆಕ್ಕದಲ್ಲೇ ಜಾಗ ಇಡಿ. ಮಕ್ಕಳು ಮುಟ್ಟಿದರೆ ಕೆಲವು ಕೆಡುತ್ತವೆ. ಅದಕ್ಕೆ ಶಿಕ್ಷಕರಿಂದ ವಿವರಣೆ ಕೇಳಬೇಡಿ. ಪ್ರದರ್ಶನದ ದಿನ ಮಕ್ಕಳ ಮೇಜಿನ ಮೇಲೆ ಅಪ್ಪ ಅಮ್ಮ ರಾತ್ರಿ ನಿದ್ದೆಗೆಟ್ಟು ಮಾಡಿದ ಮಾದರಿ ಬೇಡ. ಹೊತ್ತದ ದೀಪವನ್ನೂ ಇಡಲು ಬಿಡಿ. ಯಾಕೆ ಹೊತ್ತಲಿಲ್ಲ ಎಂದು ಮಗು ಹೇಳಲಿ, ಅದಕ್ಕೆ ಅಂಕ ಕೊಡಿ.

ಆ ತಂದೆಯವರಲ್ಲೂ ಒಂದು ವಿನಂತಿ. ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಗಳ ಮಾತು ಮುಗಿದ ಮೇಲೆ ಇನ್ನು ಮೂರು ವಿಷಯ ಕೇಳಿ ನೋಡಿ. ಶಾಲೆಯ ಕಿಟ್ಟುಗಳು ಎಲ್ಲಿವೆ? ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ಹೋದ ತಿಂಗಳು ನನ್ನ ಮಗು ಅದನ್ನು ಎಷ್ಟು ಹೊತ್ತು ಮುಟ್ಟಿತು?

ಇಂತಿ,
ಒಬ್ಬ ಚಿತ್ರಕಲಾ ಶಿಕ್ಷಕಿ