ಪಕ್ಕದ ಕಂಪ್ಯೂಟರ್‌ನಲ್ಲಿ ಕೂತಿದ್ದ ನಿಮಗೆ ಥ್ಯಾಂಕ್ಸ್

ಥೀಸಿಸ್ ಸಲ್ಲಿಸಿದ್ದಾಯ್ತು, ಕೆಲಸಕ್ಕೂ ಸೇರಿದ್ದಾಯ್ತು. ಇದನ್ನು ಮೊದಲು ಹೇಳಬೇಕಾಗಿದ್ದು ಅವತ್ತು ಲೈಬ್ರರಿಯಲ್ಲಿ ಸಿಕ್ಕ ನಿಮಗೆ, ಆದರೆ ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿದ್ದಿರಿ.

ವರ್ಡ್‌ನಲ್ಲಿ ಥೀಸಿಸ್‌ನ ಪುಟ ಸಂಖ್ಯೆ ಸರಿಹೋಗದೆ ನನಗೆ ಅಳು ಬರುವ ಹಾಗಾಗಿತ್ತು. ಪರಿವಿಡಿ ತನಕ ರೋಮನ್ ಅಂಕಿ ಬೇಕು, ಮೊದಲ ಅಧ್ಯಾಯದಿಂದ 1 ಶುರುವಾಗಬೇಕು, ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ನಿಮ್ಮ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡು ಬಂದಿರಿ. ಮೊದಲ ಅಧ್ಯಾಯಕ್ಕೆ ಮುಂಚೆ ಸೆಕ್ಷನ್ ಬ್ರೇಕ್ ಹಾಕಿಸಿ ಫೈಲನ್ನು ಎರಡು ಭಾಗ ಮಾಡಿಸಿ, ಪುಟದ ಕೆಳಗಿನ ಫುಟರ್‌ನಲ್ಲಿ ಹಿಂದಿನ ಭಾಗಕ್ಕಿರುವ ಕೊಂಡಿ, ಅಂದರೆ 'ಲಿಂಕ್ ಟು ಪ್ರೀವಿಯಸ್' ತೆಗೆಸಿ, ಆಮೇಲೆ ಅಂಕಿ ಬದಲಾಯಿಸಿ ಅಂದಿರಿ. ನೀವು ಮೌಸ್ ಮುಟ್ಟಲೇ ಇಲ್ಲ, ಎಲ್ಲಾ ನನ್ನ ಕೈಯಲ್ಲೇ ಮಾಡಿಸಿದಿರಿ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಹೊರಡುವಾಗ ನನ್ನ ರೆಸ್ಯೂಮೆ ಮೇಲೂ ಕಣ್ಣು ಹಾಯಿಸಿ, "ಏನು ಓದಿದ್ರಿ ಅನ್ನೋದಕ್ಕಿಂತ ಏನು ಮಾಡಿದ್ರಿ ಅನ್ನೋದನ್ನ ಮೇಲೆ ಬರೀರಿ" ಅಂದಿರಿ. ಹಾಗೇ ಬದಲಾಯಿಸಿದೆ. ಇಂಟರ್‌ವ್ಯೂನಲ್ಲಿ ಪ್ರಶ್ನೆಗಳೆಲ್ಲಾ ಹೆಚ್ಚುಕಮ್ಮಿ ಆ ಸಾಲುಗಳ ಮೇಲೇ ಬಂದವು!

ಈಗ ದಿನಾ ಮೀಟಿಂಗ್, ಹೊಸ ಹೊಸ ಟೂಲ್, ಸಂಜೆಯಾದರೆ ಸುಸ್ತು. ಆದರೂ ತುಂಬಾ ಖುಷಿಯಾಗಿದ್ದೇನೆ. ಗುರುತಿಲ್ಲದವರಿಗೆ ಇಷ್ಟು ಹೊತ್ತು ಕೊಡುವವರು ಸುಮ್ನೆ ಸಿಗಲ್ಲ ಅಲ್ವಾ? ಮನಸಾರೆ ಧನ್ಯವಾದ.