ಮಳೆಗಾಲದ ಪಾರ್ಸೆಲ್, ಹೊಸ ಗೋದಾಮು, ಹೊಸ ದರ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮಡಿಕೇರಿಯ ಬೆಳೆಗಾರರ ಸಹಕಾರ ಸಂಘದಿಂದ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈ ವರ್ಷ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ನಿಮ್ಮ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ವಾರಕ್ಕೊಮ್ಮೆ ಹೊರಡುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಹೊರಡುತ್ತದೆ. ಅದೂ ಇಲ್ಲಿಂದಲ್ಲ. ಕುಶಾಲನಗರದ ಕಡೆ ಒಂದು ಗೋದಾಮು ಬಾಡಿಗೆಗೆ ಹಿಡಿದಿದ್ದೇವೆ, ಅಲ್ಲಿಂದ. ಜೊತೆಗೆ ಕಾಫಿಗೆ ಕೆ.ಜಿ.ಗೆ 20 ರೂಪಾಯಿ, ಮೆಣಸಿಗೆ 30 ರೂಪಾಯಿ ಜಾಸ್ತಿಯಾಗುತ್ತದೆ. ಪಾರ್ಸೆಲ್ ಅಕ್ಟೋಬರಿನಿಂದ ಮತ್ತೆ ವಾರಕ್ಕೊಮ್ಮೆ. ದರ ಮಾತ್ರ ಇಳಿಯುವುದಿಲ್ಲ. ದುಡ್ಡು ಕೊಡುವವರು ನೀವು, ಯಾಕೆ ಅಂತ ಕೇಳಿಯೇ ಕೇಳುತ್ತೀರಿ.

ಮೊದಲು ಗೋದಾಮಿನ ವಿಚಾರ. ಹಳೇ ಗೋದಾಮು ಇರುವುದು ಗುಡ್ಡದ ಬುಡದಲ್ಲಿ. ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ಮುಂದೆ ರಸ್ತೆ. ಇಲ್ಲಿ ಸಮತಟ್ಟು ಜಾಗ ಬೇಕೆಂದರೆ ಗುಡ್ಡ ಕಡಿಯಬೇಕು, ಹಾಗಾಗಿ ಎಷ್ಟೋ ಮನೆ, ಅಂಗಡಿ ಇರುವುದೇ ಹೀಗೆ. 2018ರಲ್ಲಿ ಜೂನ್, ಜುಲೈ ಮಳೆಗೇ ಮಣ್ಣು ನೀರು ಕುಡಿದು ತುಂಬಿತ್ತು. ಆಗಸ್ಟ್ ನಡುವೆ ಬಿಡದೆ ಸುರಿದಾಗ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ತೋಟ, ಮನೆ ಸಮೇತ ಜಾರಿಬಂದವು. ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್. ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ತಜ್ಞರು, ರಸ್ತೆಗೆ, ಮನೆಗೆ ಅಂತ ಬರೆ ಕಡಿದದ್ದನ್ನೂ ಕಾರಣವಾಗಿ ಹೇಳಿದರು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಬರೆ ಕುಸಿಯಿತು, ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆಬದಿ ಮನೆಗಳು ಕಾವೇರಿ ಪಾಲಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗುಡ್ಡ. ಮೂರು ವರ್ಷ, ಮೂರೂ ಆಗಸ್ಟ್.

ನಮ್ಮ ಗೋದಾಮಿನ ಹಿಂದಿನ ಬರೆಗೆ ಇನ್ನೂ ಏನೂ ಆಗಿಲ್ಲ. ಆಗುವವರೆಗೆ ಕಾಯುವುದು ಬೇಡ ಅಂತ ತೀರ್ಮಾನ ಮಾಡಿದ್ದೇವೆ, ಅಷ್ಟೇ. ಕುಶಾಲನಗರದ ಕಡೆ ಮಳೆ ಕಡಿಮೆ. ಆದರೆ ಅಲ್ಲೂ 2018, 2019ರಲ್ಲಿ ಕಾವೇರಿ ನೀರು ಬಡಾವಣೆಗಳಿಗೆ ನುಗ್ಗಿತ್ತು, ಹಾಗಾಗಿ ಬಾಡಿಗೆ ಜಾಸ್ತಿಯಾದರೂ ಹೊಳೆಯಿಂದ ದೂರ, ಎತ್ತರದ ಜಾಗವನ್ನೇ ಹುಡುಕಿದೆವು. ಮೇ ಮುಗಿಯುವ ಮುಂಚೆ ಮಾಲೆಲ್ಲ ಅಲ್ಲಿಗೆ ಇಳಿಯುತ್ತದೆ. ಹುರಿಯುವ ಮೆಷಿನ್ನೂ ಅಲ್ಲಿಗೇ ಹೋಗುತ್ತದೆ.

ಇದರಿಂದ ನಿಮಗೂ ಒಂದು ಲಾಭ ಇದೆ. ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಪೊರೆ ಇರುವ ಬೀಜ) ಕಣದಲ್ಲಿ ಒಣಗಿಸಿ ತೇವ ಶೇ. 10ರ ಆಸುಪಾಸಿಗೆ ತಂದು ಮೂಟೆ ಕಟ್ಟುತ್ತೇವೆ. ಆಗ ಬೀಜವನ್ನು ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಅದೇ ಮೂಟೆಯನ್ನು ಜುಲೈನಲ್ಲಿ ಮಡಿಕೇರಿಯಲ್ಲಿ ಬಿಚ್ಚಿ ನೋಡಿ. ಗೋಣಿಯೇ ಕೈಗೆ ತಣ್ಣಗೆ ಅಂಟುತ್ತದೆ. ಬೀಜ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗಿರುತ್ತದೆ, ಅಂಚಿನಲ್ಲಿ ಬಿಳಿಚಿಕೊಂಡಿರುತ್ತದೆ. ಹುರಿದರೆ ಪರಿಮಳ ಏಳುವುದಿಲ್ಲ. ಮೆಣಸಿಗಂತೂ ಬೂಸಲು ಹಿಡಿಯಲು ಹೆಚ್ಚು ದಿನ ಬೇಡ. ಗೋದಾಮಿನಲ್ಲಿ ಹೀಟರ್ ಇಟ್ಟು ತೇವ ತಡೆಯಬಹುದಲ್ವಾ ಅಂತ ಕೆಲವರು ಕೇಳಿದ್ದಾರೆ. ಕರೆಂಟ್ ಇದ್ದರೆ ತಾನೇ?

ಪಾರ್ಸೆಲ್ ಹದಿನೈದು ದಿನಕ್ಕೊಮ್ಮೆ ಮಾಡಿದ್ದು ರಸ್ತೆ ಕಾರಣಕ್ಕೆ. ಮಳೆಗಾಲದಲ್ಲಿ ಇಂಥ ದಿನ ತಲುಪುತ್ತದೆ ಅಂತ ಮಾತು ಕೊಟ್ಟರೆ ಡ್ರೈವರ್ ಮೇಲೆ ಒತ್ತಡ ಬೀಳುತ್ತದೆ. ನಿಮ್ಮ ಫಿಲ್ಟರ್‌ಗೆ ಪುಡಿ ಎರಡು ದಿನ ತಡವಾದರೆ ತೊಂದರೆಯಿಲ್ಲ, ರಾತ್ರಿ ಘಾಟಿಯಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳಬಾರದು. ಮಂಗಳೂರು, ಪುತ್ತೂರು ಕಡೆಯವರಿಗೆ ಒಂದು ಮಾತು: ಸಂಪಾಜೆ ಘಾಟಿ ಮುಚ್ಚಿದರೆ ನಿಮ್ಮ ಪಾರ್ಸೆಲ್ ಹಾಸನ, ಶಿರಾಡಿ ಘಾಟಿ ಮೇಲೆ ಸುತ್ತಿ ಬರುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಶಿರಾಡಿಯೂ ಕೈಕೊಟ್ಟಿತ್ತು. ಹಾಗಾದರೆ ಇನ್ನೂ ತಡ.

ಇನ್ನು ದರ. ಈ 20, 30 ರೂಪಾಯಿ ಸಂಘದ ಲಾಭಕ್ಕಲ್ಲ. ‘ಮಳೆಗಾಲದ ನಿಧಿ’ ಅಂತ ಬೇರೆ ಖಾತೆ ತೆರೆದಿದ್ದೇವೆ, ಪೂರ್ತಿ ಅಲ್ಲಿಗೇ ಹೋಗುತ್ತದೆ.

ಬೆಳೆ ಹೋದರೆ ಸರ್ಕಾರ ಪರಿಹಾರ ಕೊಡುತ್ತದಲ್ಲ ಅನ್ನಬಹುದು. ಕೊಡುತ್ತದೆ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರದಲ್ಲಿ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ, ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ. ಎಕರೆಗೆ ಒಂಬತ್ತು ಸಾವಿರ ಚಿಲ್ಲರೆ ಆಯಿತು. ಹೊಸದಾಗಿ ನೆಟ್ಟ ಅರೇಬಿಕಾ ಗಿಡ ಮೊದಲ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು, ಮೆಣಸಿನ ಬಳ್ಳಿಗೂ ಅಷ್ಟೇ. ಗುಡ್ಡ ಜಾರಿದ ಕಡೆ ಮೇಲ್ಮಣ್ಣೇ ಇರುವುದಿಲ್ಲ, ಅಲ್ಲಿ ಗಿಡ ನೆಡುವ ಮಾತೇ ಬೇರೆ. ಮೊದಲು ಹುಲ್ಲು ಹಿಡಿಯಬೇಕು, ನೆರಳಿನ ಮರ ಏಳಬೇಕು. ಎರಡು ಎಕರೆ, ಐದು ಎಕರೆಯ ನಮ್ಮ ಸದಸ್ಯರು ಅಷ್ಟು ವರ್ಷ ಏನು ಮಾಡಬೇಕು? ಕುಸಿತವೇ ಆಗಬೇಕೆಂದೂ ಇಲ್ಲ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಹಣ್ಣು ಗಿಡದಲ್ಲೇ ಒಡೆದು ಉದುರಿದ್ದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾಗಿ ನಿಧಿಯ ದೊಡ್ಡ ಪಾಲು ಮಳೆಗೆ ಮುಂಚೆಯೇ ಖರ್ಚಾಗುತ್ತದೆ. ಏಪ್ರಿಲ್, ಮೇನಲ್ಲಿ ತೋಡು ಬಿಡಿಸುವುದು, ಕಸ ಕಟ್ಟಿದ ಮೋರಿ ತೆಗೆಯುವುದು, ಬರೆಯ ಮೇಲೆ ನಿಲ್ಲುವ ನೀರನ್ನು ಪಕ್ಕಕ್ಕೆ ತಿರುಗಿಸುವುದು. ಎಲ್ಲ ಕಡೆ ನೀರು ಇಂಗಿಸಿ ಅಂತ ಹೇಳುವ ಕಾಲ ಇದು. ಇಳಿಜಾರು ಕಡಿಮೆ ಇರುವ ತೋಟದಲ್ಲಿ ತೊಟ್ಟಿಲು ಗುಂಡಿ (ಗಿಡಗಳ ನಡುವೆ ನೀರು ಇಂಗಿಸಲು ತೋಡುವ ಗುಂಡಿ) ಒಳ್ಳೆಯದೇ. ಕಡಿದಾದ ಬರೆಯ ನೆತ್ತಿಯಲ್ಲಿ ಗುಂಡಿ ತೋಡಿ ನೀರು ಕುಡಿಸಿದರೆ ಭಾರ ಯಾರು ಹೊರಬೇಕು? ಅಂಥ ಕಡೆ ಇರುವ ಗುಂಡಿಗಳನ್ನು ಮುಚ್ಚಿಸಲು ಕೂಲಿ ಕೊಡುತ್ತೇವೆ. ಕುಸಿದು ಬೋಳಾದ ಬರೆಗೆ ಲಾವಂಚ ನೆಡಿಸುತ್ತೇವೆ.

ಇನ್ನೊಂದು ಪಾಲು ತೋಟದ ಲೈನ್ ಮನೆಗಳಲ್ಲಿ, ಅಂದರೆ ಸಾಲು ಮನೆಗಳಲ್ಲಿರುವ ಕೆಲಸದವರಿಗೆ. ತೋಟದ ಯಜಮಾನರಿಗೆ ಮಡಿಕೇರಿಯಲ್ಲೋ ಮೈಸೂರಲ್ಲೋ ನೆಂಟರ ಮನೆ ಇರುತ್ತದೆ. ಅಸ್ಸಾಮಿನಿಂದ ಬಂದವರಿಗೆ ಇಲ್ಲಿ ಯಾರಿದ್ದಾರೆ? ಕೂಲಿ ಹೋಗುತ್ತದೆ ಅಂತ ಹೆದರಿ ಅವರು ಜಾಗ ಬಿಟ್ಟು ಏಳುವುದಿಲ್ಲ. ಇನ್ನು ಮುಂದೆ ಏಳಬೇಕಾಗಿ ಬಂದ ದಿನಗಳಿಗೆ ಅರ್ಧ ಕೂಲಿ ನಿಧಿಯಿಂದ ಸಿಗುತ್ತದೆ. ಮಹಾಸಭೆಯಲ್ಲಿ ಇದಕ್ಕೇ ಜಾಸ್ತಿ ಚರ್ಚೆಯಾಯಿತು, ಕೊನೆಗೆ ಒಪ್ಪಿಗೆಯೂ ಸಿಕ್ಕಿತು.

ಯಾವಾಗ ಏಳಬೇಕು ಅನ್ನುವುದಕ್ಕೂ ಒಂದು ಲೆಕ್ಕ ಮಾಡಿಕೊಂಡಿದ್ದೇವೆ. ಕೊಡಗಿನಲ್ಲಿ ಮಳೆ ಅಳೆಯುವ ಡಬ್ಬಿ ಇಲ್ಲದ ತೋಟ ಕಡಿಮೆ. ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ನೋಡಿ ಡೈರಿಯಲ್ಲಿ ಬರೆಯುವುದು ಹಿರಿಯರ ಕಾಲದ ಅಭ್ಯಾಸ. ಅದನ್ನೇ ಈಗ ಸದಸ್ಯರ ಗುಂಪಿಗೆ ಹಾಕುತ್ತಾರೆ. ಒಂದೇ ದಿನ ಎಂಟು ಇಂಚು ದಾಟಿದರೆ, ಇಲ್ಲವೇ ದಿನಕ್ಕೆ ನಾಲ್ಕು ಇಂಚಿನ ಮಳೆ ಮೂರು ದಿನ ಬಿಡದೆ ಹೊಡೆದರೆ, ಗುರುತು ಮಾಡಿದ ಮನೆಗಳವರು ಕತ್ತಲಾಗುವ ಮುಂಚೆ ಹೊರಡಬೇಕು. ಹವಾಮಾನ ಇಲಾಖೆ ‘ಅತ್ಯಂತ ಭಾರೀ’ ಅನ್ನುವುದೂ 204.4 ಮಿಲಿಮೀಟರ್ ದಾಟಿದ ಮಳೆಗೇ, ಹೆಚ್ಚುಕಡಿಮೆ ಅದೇ ಎಂಟು ಇಂಚು. ನೆಲದಲ್ಲಿ ಹೊಸ ಬಿರುಕು, ಎಂದೂ ಇಲ್ಲದ ಕಡೆ ಜಲ ಒಡೆದದ್ದು, ತೋಡಿನ ನೀರು ಒಮ್ಮೆಲೇ ಕೆಂಪಾದದ್ದು, ಕಾಫಿ ಗಿಡದ ಸಾಲು ಓರೆಯಾದದ್ದು ಕಂಡರೆ ಇಂಚಿನ ಲೆಕ್ಕವೂ ಬೇಡ.

ಅಂಥ ದಿನಗಳಲ್ಲಿ ಕಚೇರಿಗೆ ಬಾಗಿಲು. ಟವರ್‌ಗೆ ಡೀಸೆಲ್ ಮುಗಿದರೆ ಫೋನೂ ಸಿಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನೆಟ್‌ವರ್ಕ್ ಬಂದ ಕೂಡಲೇ ವಾಟ್ಸಾಪಿನಲ್ಲಿ ತಿಳಿಸುತ್ತೇವೆ. ಹಿಂದೆಯೂ ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಇಲ್ಲಿ ಶುಭಕಾರ್ಯ ಇಡುತ್ತಿರಲಿಲ್ಲ. ಗದ್ದೆ ನಾಟಿ, ಆಗಸ್ಟ್ 3ಕ್ಕೆ ಮದ್ದು ಸೊಪ್ಪಿನ ಪಾಯಸ, ಅಷ್ಟೇ. ವ್ಯಾಪಾರವೂ ಸ್ವಲ್ಪ ಕಕ್ಕಡದ ಮಾತು ಕೇಳಲಿ.

ವರ್ಷದ ಚಂದಾ ಮೊದಲೇ ಕಟ್ಟಿದವರಿಗೆ ಅವಧಿ ಮುಗಿಯುವವರೆಗೆ ಹಳೇ ದರವೇ. ಜೇನು ಮಳೆಗಾಲದಲ್ಲಿ ಕಳುಹಿಸುವುದಿಲ್ಲ. ಕಾಚಂಪುಳಿ (ಹುಳಿ ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ವಿನೆಗರ್) ಹಣ್ಣು ಉದುರುವುದೇ ಮಳೆಯಲ್ಲಿ, ಹೊಸದು ಸಿದ್ಧವಾದಾಗ ಹೇಳುತ್ತೇವೆ. ನಿಧಿಯ ಲೆಕ್ಕವನ್ನು ಸೆಪ್ಟೆಂಬರಿನ ಮಹಾಸಭೆಯಲ್ಲಿ ಓದಿ, ನಿಮಗೂ ಒಂದು ಪ್ರತಿ ಕಳುಹಿಸುತ್ತೇವೆ. ದರ ಒಪ್ಪಿಗೆ ಇಲ್ಲದವರು ತಿಳಿಸಿದರೆ ಉಳಿದ ಹಣ ವಾಪಸ್ ಮಾಡುತ್ತೇವೆ.

ಜೂನ್ ತಿಂಗಳ ಮೊದಲ ಪಾರ್ಸೆಲ್‌ಗೆ ಮೇ 25ರೊಳಗೆ ಆರ್ಡರ್ ಕೊಡಿ. ಎಷ್ಟು ಬೇಕು ಅಂತ ಗೊತ್ತಾಗದಿದ್ದರೆ ಸುಮ್ನೆ ಒಂದು ಅಂದಾಜು: ಇಬ್ಬರಿರುವ ಮನೆಗೆ, ದಿನಕ್ಕೆ ಎರಡೆರಡು ಲೋಟ ಅಂದರೆ ಹದಿನೈದು ದಿನಕ್ಕೆ 600 ಗ್ರಾಂ. ನೆಂಟರು ಬಂದುಹೋಗುವ ಮನೆಯಾದರೆ ಒಂದು ಕೆ.ಜಿ.ಯೇ ಬರೆಯಿರಿ.

ಇಂತಿ,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿ
ಬೆಳೆಗಾರರ ಸಹಕಾರ ಸಂಘ, ಮಡಿಕೇರಿ ತಾಲ್ಲೂಕು